ಕೈಗೆ ಎಟುಕದ ನೌಕೆ ಕೆಟ್ಟರೆ ರಿಪೇರಿ ಹೇಗೆ?

ಪ್ರಶ್ನೆ: ವಾಯೇಜರ್ 1 ನೌಕೆ ಕೆಟ್ಟುಹೋಗಿತ್ತು, ಭೂಮಿಯಲ್ಲಿ ಕೂತೇ ಅದನ್ನು ಸರಿ ಮಾಡಿದರು ಎಂದು ಓದಿದೆ. ಆಗ ಅದು 2,400 ಕೋಟಿ ಕಿಲೋಮೀಟರ್ ದೂರದಲ್ಲಿತ್ತಂತೆ. ಯಾರೂ ಮುಟ್ಟದೆ, ಕಣ್ಣಲ್ಲಿ ನೋಡದೆ ರಿಪೇರಿ ಮಾಡುವುದು ಹೇಗೆ? ಅಷ್ಟು ಹಳೆಯ ಯಂತ್ರಕ್ಕೆ ಇಷ್ಟೊಂದು ಕಷ್ಟಪಡುವ ಬದಲು ಹೊಸದನ್ನೇ ಕಳಿಸಬಹುದಲ್ವಾ?

ಉತ್ತರ: ಗುರು, ಶನಿ, ಅದಕ್ಕೂ ಆಚೆ ಹೋದ ನೌಕೆಗಳಲ್ಲಿ ಕೆಟ್ಟ ಭಾಗ ಹೆಚ್ಚಿನ ಸಲ ಕೆಟ್ಟೇ ಇರುತ್ತದೆ. ಅದನ್ನು ಸರಿ ಮಾಡಲು ಯಾರ ಕೈಯಲ್ಲೂ ಆಗುವುದಿಲ್ಲ. ಆ ಭಾಗ ಇಲ್ಲದೆಯೇ ಕೆಲಸ ಸಾಗಿಸುವ ದಾರಿ ಹುಡುಕುತ್ತಾರೆ. ನೀವು ಓದಿದ ವಾಯೇಜರ್ 1ರ ಕಥೆಯಲ್ಲೂ ನಡೆದದ್ದು ಇದೇ. ಅದನ್ನೇ ಮೊದಲು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2023ರ ನವೆಂಬರ್ 14ರಂದು ವಾಯೇಜರ್ 1ರ ಮಾತು ಅರ್ಥ ಕಳೆದುಕೊಂಡಿತು. ಸಿಗ್ನಲ್ ಬರುತ್ತಿತ್ತು, ಆದರೆ ಅದರೊಳಗೆ ಏನೂ ಇರಲಿಲ್ಲ. ಸೊನ್ನೆ ಮತ್ತು ಒಂದುಗಳ ಒಂದೇ ವಿನ್ಯಾಸ ಮತ್ತೆ ಮತ್ತೆ ಬರುತ್ತಿತ್ತು. ನೌಕೆ ಬದುಕಿದೆ, ಭೂಮಿಯಿಂದ ಹೋದ ಆದೇಶಗಳನ್ನು ಪಾಲಿಸುತ್ತಲೂ ಇದೆ. ಆದರೆ ತನಗೇನಾಗಿದೆ ಎಂದು ಹೇಳಲು ಅದಕ್ಕೆ ಆಗುತ್ತಿಲ್ಲ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಈ ನೌಕೆಯನ್ನು ನೋಡಿಕೊಳ್ಳುವ ತಂಡದ ಅನುಮಾನ ಮೂರು ಕಂಪ್ಯೂಟರ್‌ಗಳ ಪೈಕಿ ಒಂದರ ಮೇಲೆ ಹೋಯಿತು. ಉಪಕರಣಗಳ ಮಾಹಿತಿಯನ್ನೂ ನೌಕೆಯ ಆರೋಗ್ಯದ ವಿವರವನ್ನೂ ಒಟ್ಟುಗೂಡಿಸಿ ಭೂಮಿಗೆ ಕಳಿಸಲು ಸಿದ್ಧ ಮಾಡುವ ಕಂಪ್ಯೂಟರ್ ಅದು.

ಅನುಮಾನ ಏನೋ ಬಂತು. ಖಾತ್ರಿ ಮಾಡಿಕೊಳ್ಳುವುದು ಹೇಗೆ? ಬೆಳಕಿನ ವೇಗದಲ್ಲಿ ಹೋದರೂ ಒಂದು ಆದೇಶ ಅಲ್ಲಿಗೆ ತಲುಪಲು ಆಗ ಇಪ್ಪತ್ತೆರಡೂವರೆ ಗಂಟೆ ಬೇಕಿತ್ತು. ಉತ್ತರ ಬರಲು ಮತ್ತೆ ಅಷ್ಟೇ. ಒಂದು ಸಲ ಕೇಳಿ ಒಂದು ಸಲ ಉತ್ತರ ಪಡೆಯಲು ಹೆಚ್ಚುಕಮ್ಮಿ ಎರಡು ದಿನ. ಹಾಗಾಗಿ ಸುಮ್ನೆ ಒಂದೊಂದನ್ನೇ ಪ್ರಯತ್ನಿಸಿ ನೋಡುವ ಹಾಗಿಲ್ಲ. ನೌಕೆ ಕಟ್ಟಿದ ಕಾಲದ ಹಳೆಯ ಕಾಗದಪತ್ರಗಳನ್ನು ತೆಗೆದು ಓದಬೇಕು. ಕಳಿಸುವ ಆದೇಶದಿಂದ ಬೇರೆ ಇನ್ನೇನೋ ಕೆಡಬಾರದು ಎಂದು ನೋಡಬೇಕು. ಆ ಕಾಗದ ಬರೆದವರು ಇಂಥದ್ದೊಂದು ತೊಂದರೆ ಬರುತ್ತದೆ ಎಂದು ಊಹಿಸಿಯೂ ಇರಲಿಲ್ಲ. ಹಲವರು ಈಗ ಬದುಕಿಯೂ ಇಲ್ಲ.

2024ರ ಮಾರ್ಚ್ 1ರಂದು ತಂಡ ಒಂದು ಆದೇಶ ಕಳಿಸಿತು. ಕಂಪ್ಯೂಟರ್ ತನ್ನ ಪ್ರೋಗ್ರಾಂನ ಬೇರೆ ಬೇರೆ ಜಾಗಗಳಿಂದ ಓಡಲು ಪ್ರಯತ್ನಿಸಲಿ, ಕೆಟ್ಟ ಜಾಗವನ್ನು ದಾಟಿ ಹೋದರೂ ಹೋಗಬಹುದು ಎಂಬ ಆಸೆ. ಎರಡು ದಿನದ ಮೇಲೆ ಬಂದ ಸಿಗ್ನಲ್‌ನಲ್ಲಿ ಏನೋ ವ್ಯತ್ಯಾಸ ಇತ್ತು. ಮಾಮೂಲಿ ರೂಪದಲ್ಲಿ ಇರಲಿಲ್ಲವಾದ್ದರಿಂದ ಮೊದಲು ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ದೂರದ ನೌಕೆಗಳ ಸಿಗ್ನಲ್ ಹಿಡಿಯುವ ಡೀಪ್ ಸ್ಪೇಸ್ ನೆಟ್‌ವರ್ಕ್‌ನ ಎಂಜಿನಿಯರ್ ಒಬ್ಬರು ಅದನ್ನು ಬಿಡಿಸಿದರು. ನೋಡಿದರೆ ಅದು ಆ ಕಂಪ್ಯೂಟರ್‌ನ ಇಡೀ ಮೆಮೊರಿಯ ನಕಲು! ಕೆಡುವ ಮುಂಚೆ ತೆಗೆದಿಟ್ಟ ನಕಲಿನ ಪಕ್ಕ ಇದನ್ನಿಟ್ಟು ಸಾಲು ಸಾಲಾಗಿ ಹೋಲಿಸಿದರು. ಸುಮಾರು ಶೇಕಡಾ 3ರಷ್ಟು ಜಾಗ ಹಾಳಾಗಿತ್ತು.

ಈ ಲೆಕ್ಕ ಸ್ವಲ್ಪ ನೋಡಿ. ಆ ಕಂಪ್ಯೂಟರ್‌ನ ಮೆಮೊರಿ ಒಟ್ಟು 8,192 ವರ್ಡ್. ಒಂದು ವರ್ಡ್ ಅಂದರೆ 16 ಬಿಟ್, ಒಂದು ಬಿಟ್ ಅಂದರೆ ಒಂದು ಸೊನ್ನೆ ಇಲ್ಲವೇ ಒಂದು. ಇಷ್ಟೇ ಅದರ ಬಂಡವಾಳ. ಇವತ್ತು ಮೊಬೈಲ್‌ನಲ್ಲಿ ತೆಗೆಯುವ ಒಂದು ಫೋಟೋ ಇದರ ನೂರು ಪಟ್ಟಿಗೂ ಜಾಸ್ತಿ ಇರುತ್ತದೆ. ಒಂದೊಂದು ಚಿಪ್ 256 ವರ್ಡ್ ಹಿಡಿಯುತ್ತದೆ. ಹಾಳಾಗಿದ್ದು ಸರಿಯಾಗಿ ಅಂಥ ಒಂದು ಚಿಪ್‌ನಷ್ಟು ಜಾಗ. ವಿಕಿರಣದ ಒಂದು ಕಣ ಬಡಿದಿರಬಹುದು, ಇಲ್ಲವೇ 46 ವರ್ಷ ದುಡಿದು ಸವೆದಿರಬಹುದು.

ಆ ಚಿಪ್ ಸತ್ತಿತ್ತು. ಅದನ್ನು ಬದಲಿಸಲು ಆಗುವುದಿಲ್ಲ. ಅದರಲ್ಲಿದ್ದ ಪ್ರೋಗ್ರಾಂ ಅನ್ನು ಬೇರೆ ಕಡೆ ಸಾಗಿಸಬಹುದು. ಆದರೆ ಅಷ್ಟನ್ನೂ ಒಟ್ಟಿಗೆ ಇಡುವಷ್ಟು ಖಾಲಿ ಜಾಗ ಎಲ್ಲೂ ಇರಲಿಲ್ಲ. ಮದುವೆ ಮನೆಯಲ್ಲಿ ಒಂದು ಕೋಣೆಯ ಮಾಡು ಸೋರಿದರೆ ಅಲ್ಲಿದ್ದ ನೆಂಟರನ್ನು ಇಬ್ಬರು ಮೂವರಂತೆ ಬೇರೆ ಕೋಣೆಗಳಿಗೆ ಹಂಚುತ್ತೇವಲ್ಲ, ಹಾಗೆ ಮಾಡಿದರು. ಹಂಚಿದರೆ ಸಾಲದು, ಯಾರು ಎಲ್ಲಿದ್ದಾರೆ ಎಂದು ಊಟಕ್ಕೆ ಕರೆಯಲು ಹೋಗುವವರಿಗೂ ಗೊತ್ತಿರಬೇಕು. ಪ್ರೋಗ್ರಾಂನ ತುಂಡುಗಳು ಹೊಸ ಜಾಗದಿಂದಲೂ ಒಂದಾಗಿ ಕೆಲಸ ಮಾಡುವಂತೆ, ಹಳೆಯ ವಿಳಾಸ ಇದ್ದ ಕಡೆಯೆಲ್ಲ ಹೊಸ ವಿಳಾಸ ಬರೆದರು. ಏಪ್ರಿಲ್ 18ರಂದು ಮೊದಲ ಭಾಗ ಹೋಯಿತು. 20ರಂದು, ಐದು ತಿಂಗಳ ಮೇಲೆ ಮೊದಲ ಸಲ, ನೌಕೆಯ ಆರೋಗ್ಯದ ವಿವರ ಸರಿಯಾಗಿ ಓದಲು ಸಿಕ್ಕಿತು. ಜೂನ್ ಹೊತ್ತಿಗೆ ಆಗ ಚಾಲೂ ಇದ್ದ ನಾಲ್ಕೂ ಉಪಕರಣಗಳು ಮಾಹಿತಿ ಕಳಿಸತೊಡಗಿದವು.

ಇದು ಸಾಧ್ಯವಾಗಿದ್ದಕ್ಕೆ ಒಂದೇ ಕಾರಣ: ಹಾರಾಟದ ನಡುವೆ ಪ್ರೋಗ್ರಾಂ ಬದಲಿಸಲು 1970ರ ದಶಕದಲ್ಲೇ ಅವಕಾಶ ಇಟ್ಟಿದ್ದರು. ನನ್ನ ಲೆಕ್ಕದಲ್ಲಿ ವಾಯೇಜರ್ ಕಟ್ಟಿದವರ ಅತಿ ದೊಡ್ಡ ಕೆಲಸ ಕ್ಯಾಮೆರಾ ಅಲ್ಲ, ರಾಕೆಟ್ ಅಲ್ಲ, ಈ ಅವಕಾಶ. ಯುರೇನಸ್ ಮತ್ತು ನೆಪ್ಚೂನ್‌ನಿಂದ ಅಷ್ಟು ಚಿತ್ರಗಳು ಬಂದದ್ದೂ ಇದರಿಂದಲೇ. ದಾರಿಯಲ್ಲಿ ಹೋಗುತ್ತಿರುವಾಗಲೇ ಚಿತ್ರಗಳನ್ನು ಕುಗ್ಗಿಸಿ ಕಳಿಸುವ ಹೊಸ ಪ್ರೋಗ್ರಾಂ ಅನ್ನು ಜೋಡಿ ನೌಕೆ ವಾಯೇಜರ್ 2ಕ್ಕೆ ತುಂಬಿದ್ದರು.

ಇನ್ನು, ಅಷ್ಟು ದೂರದಿಂದ ಮಾತು ಕೇಳಿಸುವುದಾದರೂ ಹೇಗೆ? ನೌಕೆಯ ಟ್ರಾನ್ಸ್‌ಮಿಟರ್ ಸುಮಾರು 23 ವ್ಯಾಟ್. ಭೂಮಿಗೆ ತಲುಪುವ ಹೊತ್ತಿಗೆ ಆ ಸಿಗ್ನಲ್ ಎಷ್ಟು ತೆಳುವಾಗಿರುತ್ತದೆ ಎಂದರೆ ಒಂದು ವ್ಯಾಟ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲೂ ಸಿಗುವುದಿಲ್ಲ. ಅದನ್ನು ಹಿಡಿಯಲು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನ್‌ನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿ 70 ಮೀಟರ್ ಅಗಲದ ಡಿಶ್‌ಗಳಿವೆ. ಭೂಮಿ ತಿರುಗುತ್ತಿದ್ದರೂ ಒಂದಲ್ಲ ಒಂದು ಕಡೆಯಿಂದ ನೌಕೆ ಕಾಣುವಂತೆ ಈ ಮೂರು ಜಾಗ ಆರಿಸಿದ್ದಾರೆ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ. ಚಂದ್ರಯಾನ, ಮಂಗಳಯಾನಗಳ ಜೊತೆ ಮಾತಾಡಿದ್ದು ಅದೇ. ಅದನ್ನು ನೋಡಿದವರಿಗೆ ಅದರ ಗಾತ್ರ ಗೊತ್ತು. ಅದರ ಹೆಚ್ಚುಕಮ್ಮಿ ಐದು ಪಟ್ಟು ವಿಸ್ತೀರ್ಣದ ಡಿಶ್ ಇಟ್ಟುಕೊಂಡೂ ವಾಯೇಜರ್‌ನಿಂದ ಸಾಮಾನ್ಯವಾಗಿ ಸಿಗುವುದು ಸೆಕೆಂಡಿಗೆ 160 ಬಿಟ್ ಮಾತ್ರ.

ವಾಯೇಜರ್ 2ರ ಕಷ್ಟ ಇನ್ನೊಂದು ಥರ. ಅದಕ್ಕೆ ಕಿವಿ ಸರಿಯಿಲ್ಲ, ಅದೂ 1978ರಿಂದ. ಆ ವರ್ಷದ ಏಪ್ರಿಲ್‌ನಲ್ಲಿ ಎಲ್ಲರ ಗಮನ ವಾಯೇಜರ್ 1ರ ಒಂದು ತೊಂದರೆಯ ಮೇಲಿತ್ತು. ವಾಯೇಜರ್ 2ಕ್ಕೆ ಮಾಮೂಲಿ ಆದೇಶ ಕಳಿಸುವುದು ತಪ್ಪಿಹೋಯಿತು. ಇಷ್ಟು ದಿನ ಭೂಮಿಯಿಂದ ಸುದ್ದಿಯೇ ಇಲ್ಲದಿದ್ದರೆ ತನ್ನ ರಿಸೀವರ್ ಕೆಟ್ಟಿದೆ ಎಂದು ತಿಳಿದು ಇನ್ನೊಂದಕ್ಕೆ ಬದಲಾಗುವಂತೆ ಅದನ್ನು ಮಾಡಿಟ್ಟಿದ್ದರು. ಅದು ಹೇಳಿದಂತೆಯೇ ಮಾಡಿತು. ಆದರೆ ಆ ಎರಡನೇ ರಿಸೀವರ್‌ನಲ್ಲಿ ಒಂದು ಕೆಪ್ಯಾಸಿಟರ್ ಕೆಟ್ಟಿತ್ತು. ಮತ್ತೆ ಮೊದಲನೆಯದಕ್ಕೆ ಬಂದ ಮೇಲೆ ಅದು ಸ್ವಲ್ಪ ಹೊತ್ತು ಕೆಲಸ ಮಾಡಿ ಶಾಶ್ವತವಾಗಿ ಸತ್ತಿತು. ಉಳಿದದ್ದು ಆ ಅರೆಕಿವುಡು ರಿಸೀವರ್ ಒಂದೇ.

ಸರಿ ಇರುವ ರಿಸೀವರ್ ಭೂಮಿಯ ಸಿಗ್ನಲ್ ಸ್ವಲ್ಪ ಆಚೀಚೆ ಆದರೂ ಹಿಂಬಾಲಿಸಿ ಹಿಡಿಯುತ್ತದೆ. ಇದಕ್ಕೆ ಅದು ಆಗುವುದಿಲ್ಲ. ಸುಮಾರು 100 ಹರ್ಟ್ಸ್‌ನ ಕಿರಿದಾದ ಕಿಂಡಿಯಲ್ಲೇ ಸಿಗ್ನಲ್ ಬಂದು ಬೀಳಬೇಕು. ಆ ಕಿಂಡಿಯೂ ಒಂದೇ ಕಡೆ ನಿಲ್ಲುವುದಿಲ್ಲ, ರಿಸೀವರ್‌ನ ಉಷ್ಣತೆ ಚೂರು ಏರಿಳಿದರೂ ಸರಿಯುತ್ತದೆ. ಜೊತೆಗೆ ಭೂಮಿಯ ಸುತ್ತಾಟ, ನೌಕೆಯ ಓಟ ಎರಡೂ ಸೇರಿ ಸಿಗ್ನಲ್‌ನ ಫ್ರೀಕ್ವೆನ್ಸಿಯನ್ನು ಬದಲಿಸುತ್ತವೆ. ಹಾಗಾಗಿ ಆದೇಶ ಕಳಿಸುವ ಮುಂಚೆ ಅಲ್ಲಿನ ಉಷ್ಣತೆ ಎಷ್ಟಿರಬಹುದು, ಕಿಂಡಿ ಎಲ್ಲಿರಬಹುದು ಎಂದು ಲೆಕ್ಕ ಹಾಕಿ, ಅಲ್ಲಿಗೇ ಹೋಗಿ ಬೀಳುವಂತೆ ಭೂಮಿಯಿಂದ ಫ್ರೀಕ್ವೆನ್ಸಿ ಬದಲಿಸುತ್ತಾ ಕಳಿಸುತ್ತಾರೆ. ಈ ಕಿವಿಯಲ್ಲೇ ಅದು 1979ರಲ್ಲಿ ಗುರು, 1981ರಲ್ಲಿ ಶನಿ, 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ನೋಡಿ ಬಂತು. ಯುರೇನಸ್ ಮತ್ತು ನೆಪ್ಚೂನ್‌ಗಳ ಹತ್ತಿರ ಇವತ್ತಿನವರೆಗೂ ಬೇರೆ ಯಾವ ನೌಕೆಯೂ ಹೋಗಿಲ್ಲ. ಪಠ್ಯಪುಸ್ತಕಗಳಲ್ಲಿ ನಾವು ನೋಡುವ ಆ ಎರಡು ಗ್ರಹಗಳ ಹತ್ತಿರದ ಚಿತ್ರಗಳೆಲ್ಲ ಈ ಅರೆಕಿವುಡು ನೌಕೆ ತೆಗೆದವು.

ಎಲ್ಲ ಕಥೆಯೂ ಗೆಲುವಿನ ಕಥೆಯಲ್ಲ. ಗೆಲಿಲಿಯೋ ನೌಕೆಯದ್ದು ಅರ್ಧ ಸೋಲು, ಅರ್ಧ ಗೆಲುವು. 1989ರಲ್ಲಿ ಗುರುವಿನ ಕಡೆ ಹೊರಟ ಆ ನೌಕೆಯ ಮುಖ್ಯ ಆಂಟೆನಾವನ್ನು ಮಡಚಿ ಇಟ್ಟಿದ್ದರು. 18 ಕಡ್ಡಿಗಳು ಬಿಚ್ಚಿಕೊಂಡರೆ ನಡುವಿನ ಜಾಲರಿ ಹರಡಿ 4.8 ಮೀಟರ್ ಅಗಲ ಆಗಬೇಕು. 1991ರ ಏಪ್ರಿಲ್‌ನಲ್ಲಿ ಬಿಚ್ಚಲು ಹೋದರೆ ಕೆಲವು ಕಡ್ಡಿಗಳು ಸಿಕ್ಕಿಕೊಂಡವು. ಚಾಲೆಂಜರ್ ಶಟಲ್ ಸಿಡಿದ ದುರಂತದಿಂದ ಉಡಾವಣೆ ವರ್ಷಗಟ್ಟಲೆ ಮುಂದೆ ಹೋಗಿತ್ತು. ಆ ನಡುವೆ ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾ ನಡುವೆ ಲಾರಿಯಲ್ಲಿ ಓಡಾಡಿಸುವಾಗ ಕಡ್ಡಿಗಳ ಪಿನ್ನುಗಳಿಗೆ ಬಳಿದಿದ್ದ ಜಾರುಪುಡಿ ಉಜ್ಜಿ ಸವೆದುಹೋಗಿರಬೇಕು ಎಂಬುದು ತನಿಖೆಯ ಅಂದಾಜು. ಎಂಜಿನಿಯರ್‌ಗಳು ನೌಕೆಯನ್ನು ಬಿಸಿಲಿಗೆ ತಿರುಗಿಸಿ ಕಾಯಿಸಿದರು. ನೆರಳಿಗೆ ತಿರುಗಿಸಿ ತಣಿಸಿದರು. ಮೋಟಾರನ್ನು ಸಾವಿರಾರು ಸಲ ಕುಟ್ಟುವಂತೆ ಓಡಿಸಿದರು. ಕಡ್ಡಿ ಬಿಡಲೇ ಇಲ್ಲ.

ಆ ಆಂಟೆನಾದಿಂದ ಸೆಕೆಂಡಿಗೆ 1,34,000 ಬಿಟ್ ಬರಬೇಕಿತ್ತು. ಇನ್ನೊಂದು ಪುಟ್ಟ ಆಂಟೆನಾ ಇತ್ತು. ಅದರಿಂದ ಇದ್ದಂತೆಯೇ ಬಳಸಿದರೆ ಹತ್ತು ಹದಿನಾರು ಬಿಟ್. ಯೋಜನೆ ಮುಗಿಯಿತು ಎಂದು ಕೈಚೆಲ್ಲಿ ಕೂರಲು ಅಷ್ಟು ಸಾಕಿತ್ತು. ಕೂರಲಿಲ್ಲ. ಮಾಹಿತಿಯನ್ನು ಟೇಪ್ ರೆಕಾರ್ಡರ್‌ನಲ್ಲಿ ತುಂಬಿಟ್ಟುಕೊಂಡು, ಕುಗ್ಗಿಸಿ, ನಿಧಾನವಾಗಿ ತಿಂಗಳುಗಟ್ಟಲೆ ಕಳಿಸುವಂತೆ ಹೊಸ ಪ್ರೋಗ್ರಾಂ ಬರೆದರು. ಭೂಮಿಯಲ್ಲಿ ಹಲವು ಡಿಶ್‌ಗಳನ್ನು ಒಟ್ಟಿಗೆ ಜೋಡಿಸಿದರು. ವೇಗ 160 ಬಿಟ್‌ವರೆಗೆ ಏರಿತು. ಅಷ್ಟರಲ್ಲಿ, 1995ರಲ್ಲಿ ಗುರುವನ್ನು ತಲುಪಲು ಎರಡು ತಿಂಗಳಿರುವಾಗ, ಆ ಟೇಪ್ ರೆಕಾರ್ಡರೇ ಸಿಕ್ಕಿಕೊಂಡಿತು! ಟೇಪಿನ ಹಾಳಾದ ಅನುಮಾನ ಇರುವ ಭಾಗವನ್ನು ಇನ್ನು ಮುಟ್ಟುವುದೇ ಬೇಡ ಎಂದು ಬಿಟ್ಟು, ಉಳಿದದ್ದರಲ್ಲಿ ಕೆಲಸ ನಡೆಸಿದರು. ಸಾವಿರಾರು ಚಿತ್ರಗಳು ತಪ್ಪಿಹೋದದ್ದು ನಿಜ. ಆದರೆ ಗುರುವಿನ ಚಂದ್ರ ಯುರೋಪಾದ ಮಂಜುಗಡ್ಡೆಯ ಕೆಳಗೆ ಉಪ್ಪುನೀರಿನ ಸಮುದ್ರ ಇದೆ ಎನ್ನಲು ಬಲವಾದ ಸಾಕ್ಷಿ ಕೊಟ್ಟದ್ದು ಇದೇ ನೌಕೆಯ ಅಯಸ್ಕಾಂತ ಮಾಪಕ. 2024ರ ಅಕ್ಟೋಬರ್‌ನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ ಹೋಗುತ್ತಿರುವುದು ಆ ಸಾಕ್ಷಿಯ ಬೆನ್ನು ಹಿಡಿದೇ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಹೊಯ್ಗೆನ್ಸ್‌ನ ಕಥೆ. ಅಲ್ಲಿ ತೊಂದರೆ ಆಗುವ ಮುಂಚೆಯೇ ಅದನ್ನು ಹಿಡಿದರು. ಯುರೋಪಿನ ಹೊಯ್ಗೆನ್ಸ್ ಶನಿಯ ಚಂದ್ರ ಟೈಟನ್‌ನ ನೆಲಕ್ಕೆ ಇಳಿಯಬೇಕಿತ್ತು. ಅದನ್ನು ಹೊತ್ತು ಸಾಗುತ್ತಿದ್ದ ಕಸ್ಸೀನಿ ನೌಕೆ ಅದರ ಮಾತನ್ನು ಕೇಳಿ ಭೂಮಿಗೆ ದಾಟಿಸಬೇಕಿತ್ತು. 1997ರಲ್ಲಿ ಎರಡೂ ಒಟ್ಟಿಗೆ ಹೊರಟಿದ್ದವು. ದಾರಿಯಲ್ಲಿರುವಾಗ, 2000ದಲ್ಲಿ, ಯುರೋಪಿಯನ್ ಸ್ಪೇಸ್ ಏಜೆನ್ಸಿಯ ಎಂಜಿನಿಯರ್ ಬೋರಿಸ್ ಸ್ಮೆಡ್ಸ್ ಒಂದು ಪರೀಕ್ಷೆ ಮಾಡಿದರು. ಇಳಿಯುವಾಗ ಹೊಯ್ಗೆನ್ಸ್ ಹೇಗೆ ಮಾತಾಡುತ್ತದೋ ಹಾಗೆಯೇ ಇರುವ ಸಿಗ್ನಲ್ ಅನ್ನು ಗೋಲ್ಡ್‌ಸ್ಟೋನ್‌ನಿಂದ ಕಸ್ಸೀನಿಗೆ ಕಳಿಸಿದರು. ಎರಡು ನೌಕೆಗಳ ವೇಗದ ವ್ಯತ್ಯಾಸದಿಂದ ಸಿಗ್ನಲ್‌ನಲ್ಲಿ ಆಗುವ ಬದಲಾವಣೆಯನ್ನೂ ಸೇರಿಸಿಯೇ ಕಳಿಸಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಬದಲಾವಣೆ ಸೇರಿಸಿದ ಕೂಡಲೇ ಕಸ್ಸೀನಿಯ ರಿಸೀವರ್ ಮಾಹಿತಿಯನ್ನು ಓದಲಾರದೆ ಹೋಯಿತು. ಆ ಪರೀಕ್ಷೆ ಆಗದಿದ್ದರೆ ಹೊಯ್ಗೆನ್ಸ್ ಚೆನ್ನಾಗಿ ಇಳಿದು, ಚೆನ್ನಾಗಿ ಮಾತಾಡಿ, ಅದರಲ್ಲಿ ಬಹುಪಾಲು ಯಾರಿಗೂ ತಲುಪದೆ ಹೋಗುತ್ತಿತ್ತು.

ರಿಸೀವರ್‌ನ ಆ ಪ್ರೋಗ್ರಾಂ ಭೂಮಿಯಿಂದ ಬದಲಿಸಲು ಆಗುವಂಥದ್ದಲ್ಲ. ವಾಯೇಜರ್‌ನಲ್ಲಿದ್ದ ಸೌಲಭ್ಯ ಇಲ್ಲಿ ಇರಲಿಲ್ಲ. ಹಾಗಾದರೆ ಏನು ಬದಲಿಸುವುದು? ದಾರಿಯನ್ನೇ ಬದಲಿಸಿದರು! ಮೊದಲಿನ ಯೋಜನೆಗಿಂತ 50 ಪಟ್ಟಿಗೂ ಜಾಸ್ತಿ ಎತ್ತರದಲ್ಲಿ ಕಸ್ಸೀನಿ ಟೈಟನ್ ದಾಟುವಂತೆ ಮಾಡಿದರು. ಹೊಯ್ಗೆನ್ಸ್ ಇಳಿಯುವಾಗ ಕಸ್ಸೀನಿ ನೇರ ಅದರತ್ತ ನುಗ್ಗುವ ಬದಲು ಪಕ್ಕದಿಂದ ದಾಟುತ್ತದೆ. ಆಗ ವೇಗದ ವ್ಯತ್ಯಾಸ ರಿಸೀವರ್‌ಗೆ ತಡೆದುಕೊಳ್ಳುವಷ್ಟಕ್ಕೆ ಇಳಿಯುತ್ತದೆ. 2005ರ ಜನವರಿ 14ರಂದು ಹೊಯ್ಗೆನ್ಸ್ ಇಳಿಯಿತು. ಒಂದು ಚಾನೆಲ್‌ನ ರಿಸೀವರ್ ಚಾಲೂ ಮಾಡುವ ಆದೇಶ ಬಿಟ್ಟುಹೋಗಿ ಅರ್ಧದಷ್ಟು ಚಿತ್ರಗಳು ಕೈತಪ್ಪಿದವು. ಆದರೂ 350ರಷ್ಟು ಬಂದವು. ಟೈಟನ್‌ನ ನೆಲದ ಮೇಲೆ ಬಿದ್ದಿರುವ ದುಂಡು ದುಂಡು ಮಂಜುಗಡ್ಡೆ ಕಲ್ಲುಗಳನ್ನು ನಾವು ನೋಡಿದ್ದು ಅವುಗಳಲ್ಲೇ.

ಇತ್ತೀಚಿನ ಎರಡು ಉದಾಹರಣೆ ಚುಟುಕಾಗಿ ಹೇಳುತ್ತೇನೆ. ಗುರುವನ್ನು ಸುತ್ತುವ ಜೂನೋ ನೌಕೆಯ ಕ್ಯಾಮೆರಾ ವಿಕಿರಣದಿಂದ ಹಾಳಾಗಿ ಚಿತ್ರಗಳ ತುಂಬ ಗೆರೆ ಬೀಳುತ್ತಿತ್ತು. 2023ರ ಕೊನೆಗೆ ಅಯೋ ಚಂದ್ರನ ತೀರಾ ಹತ್ತಿರ ಹೋಗುವ ಮುಂಚೆ, ಕ್ಯಾಮೆರಾದ ಹೀಟರ್ ಅನ್ನು ಪೂರ್ತಿ ಏರಿಸಿ ಕಾಯಿಸಿದರು. ಸಿಲಿಕಾನ್‌ನಲ್ಲಿ ಆದ ಹಾನಿ ಬಿಸಿಗೆ ಸ್ವಲ್ಪ ಮಾಗಬಹುದು ಎಂಬ ನಂಬಿಕೆ. ಮಾಗಿತು, ಅಯೋದ ಬೆಂಕಿ ಬೆಟ್ಟಗಳ ಒಳ್ಳೆಯ ಚಿತ್ರಗಳು ಸಿಕ್ಕವು. ಯುರೋಪಿನ ಜ್ಯೂಸ್ ನೌಕೆಯ 16 ಮೀಟರ್ ಉದ್ದದ ರೇಡಾರ್ ಆಂಟೆನಾ ಒಂದು ಸಣ್ಣ ಪಿನ್ ಕಾರಣಕ್ಕೆ ಬಿಚ್ಚಿಕೊಳ್ಳಲಿಲ್ಲ. ನೌಕೆಯನ್ನು ಕುಲುಕಿ, ಬಿಸಿಲಿಗೆ ಹಿಡಿದು, ಕೊನೆಗೆ ಪಕ್ಕದ ಬಿಡುಗಡೆ ಸಾಧನದ ಏಟಿಗೆ 2023ರ ಮೇನಲ್ಲಿ ಪಿನ್ ಸರಿಯಿತು. ಗೆಲಿಲಿಯೋಗೆ ಸಿಗದ ಅದೃಷ್ಟ ಇದಕ್ಕೆ ಸಿಕ್ಕಿತು.

ಸತ್ತೇಹೋಯಿತು ಎಂದುಕೊಂಡ ಭಾಗ ಮತ್ತೆ ಎದ್ದದ್ದೂ ಉಂಟು. ವಾಯೇಜರ್ 1 ತನ್ನ ಆಂಟೆನಾವನ್ನು ಭೂಮಿಯತ್ತ ಹಿಡಿದಿಡಲು, ಅನಿಲ ಉಗುಳಿ ನೌಕೆಯನ್ನು ತಿರುಗಿಸುವ ಪುಟ್ಟ ಥ್ರಸ್ಟರ್‌ಗಳನ್ನು ಬಳಸುತ್ತದೆ. ಅದು ಪಕ್ಕಕ್ಕೆ ಉರುಳದಂತೆ ತಡೆಯುವ ಮುಖ್ಯ ಥ್ರಸ್ಟರ್‌ಗಳ ಹೀಟರ್ 2004ರಲ್ಲಿ ನಿಂತುಹೋಗಿತ್ತು. ಬದಲಿ ಥ್ರಸ್ಟರ್‌ಗಳಲ್ಲೇ ಇಪ್ಪತ್ತು ವರ್ಷ ಕಳೆಯಿತು. ಅವುಗಳ ಕೊಳವೆಗಳಲ್ಲೂ ಕಸ ಕಟ್ಟುತ್ತಾ ಬಂತು. ಆಗ ತಂಡ ಹಳೆಯ ಕಡತ ಮತ್ತೆ ತೆಗೆಯಿತು. ಹೀಟರ್ ಸುಟ್ಟುಹೋಗಿರದೆ, ಎಲ್ಲೋ ಒಂದು ಸ್ವಿಚ್ ತಪ್ಪು ಕಡೆ ತಿರುಗಿರಬಹುದಲ್ವಾ? ನೋಡುವುದರಲ್ಲಿ ಅಪಾಯ ಇತ್ತು. ಹೀಟರ್ ಚಾಲೂ ಆಗುವ ಮುಂಚೆ ಆ ಥ್ರಸ್ಟರ್‌ಗಳು ತಾವಾಗಿ ಉರಿದರೆ ಸಣ್ಣ ಸ್ಫೋಟವೇ ಆಗಬಹುದು. 2025ರ ಮಾರ್ಚ್ 20ರಂದು ಹೀಟರ್‌ಗಳ ಉಷ್ಣತೆ ಏರಿದ ಸುದ್ದಿ ಬಂತು. ವಾಯೇಜರ್‌ಗಳಿಗೆ ಆದೇಶ ಕಳಿಸುವಷ್ಟು ಶಕ್ತಿಯ ಕ್ಯಾನ್‌ಬೆರಾದ ದೊಡ್ಡ ಡಿಶ್ ದುರಸ್ತಿಗೆಂದು ಆ ಮೇನಿಂದ ತಿಂಗಳುಗಟ್ಟಲೆ ನಿಲ್ಲುವುದರಲ್ಲಿತ್ತು. ಅದಕ್ಕೂ ಮುಂಚೆ ಈ ಕೆಲಸ ಆಗಲೇಬೇಕಿತ್ತು, ಆಯಿತು.

ಈಗ ನಿಮ್ಮ ಕೊನೆಯ ಪ್ರಶ್ನೆ. ಹೊಸದನ್ನು ಕಳಿಸಬಹುದು. ಆದರೆ ವಾಯೇಜರ್ 1 ಇರುವಲ್ಲಿಗೆ ಅದು ಮುಟ್ಟಲು ದಶಕಗಳೇ ಬೇಕು. 2006ರಲ್ಲಿ ಪ್ಲೂಟೋ ಕಡೆ ಹೊರಟ ನ್ಯೂ ಹೊರೈಜನ್ಸ್ ಭೂಮಿಯಿಂದ ದಾಖಲೆಯ ವೇಗದಲ್ಲಿ ಹೊರಟಿತು. ಅದೂ ವಾಯೇಜರ್ 1 ಅನ್ನು ಎಂದಿಗೂ ಹಿಂದೆ ಹಾಕುವುದಿಲ್ಲ. ಗುರು ಮತ್ತು ಶನಿ ಕೊಟ್ಟ ನೂಕು ವಾಯೇಜರ್‌ಗೆ ಅಷ್ಟು ವೇಗ ತಂದಿತ್ತು. ನಾಲ್ಕೂ ದೊಡ್ಡ ಗ್ರಹಗಳು ಒಂದೇ ನೌಕೆಗೆ ಸಿಗುವಂತೆ ಸಾಲುಗೂಡುವುದು ಸುಮಾರು 175 ವರ್ಷಕ್ಕೊಮ್ಮೆ. 1977ರಲ್ಲಿ ಆ ಅವಕಾಶ ಬಂದಿತ್ತು. ಮುಂದಿನದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಚೆ. ಸೂರ್ಯನ ಗಾಳಿಯ ಗಡಿ ದಾಟಿ, ನಕ್ಷತ್ರಗಳ ನಡುವಿನ ಜಾಗದಲ್ಲಿ ನಿಂತು ಅಳತೆ ಮಾಡುತ್ತಿರುವ ಯಂತ್ರಗಳು ಇವೆರಡೇ. ವಾಯೇಜರ್ 1 ಆ ಗಡಿ ದಾಟಿದ್ದು 2012ರಲ್ಲಿ, ವಾಯೇಜರ್ 2 ದಾಟಿದ್ದು 2018ರಲ್ಲಿ. ಇವು ನಿಂತರೆ ಅಲ್ಲಿಂದ ಬರುವ ಅಳತೆ ನಿಲ್ಲುತ್ತದೆ, ಬದಲಿಗೆ ಇನ್ನೊಂದಿಲ್ಲ. ಹಳೆಯದು ಎಂಬ ಅಭಿಮಾನಕ್ಕಲ್ಲ, ಇದಕ್ಕಾಗಿಯೇ ಅಷ್ಟು ಕಷ್ಟಪಡುವುದು.

ರಿಪೇರಿಗೆ ಸಿಗದ ಒಂದು ವಿಷಯವೂ ಇದೆ, ಕರೆಂಟು. ಅಲ್ಲಿ ಬಿಸಿಲು ಸಾಲದು, ಹಾಗಾಗಿ ಪ್ಲುಟೋನಿಯಂ 238 ಎಂಬ ವಿಕಿರಣ ಧಾತು ಕ್ಷಯಿಸುವಾಗ ಹುಟ್ಟುವ ಶಾಖದಿಂದ ವಿದ್ಯುತ್ ತೆಗೆಯುತ್ತಾರೆ. ಹೊರಟಾಗ ಸುಮಾರು 470 ವ್ಯಾಟ್ ಇತ್ತು. ವರ್ಷಕ್ಕೆ ಸುಮಾರು 4 ವ್ಯಾಟ್ ಕಮ್ಮಿಯಾಗುತ್ತಾ ಬಂದಿದೆ. ಯಾವ ಪ್ರೋಗ್ರಾಂ ಬದಲಿಸಿದರೂ ಈ ಇಳಿತ ನಿಲ್ಲುವುದಿಲ್ಲ. ಹೀಟರ್‌ಗಳನ್ನು ನಿಲ್ಲಿಸಿದರು, ಆಮೇಲೆ ಉಪಕರಣಗಳನ್ನೇ ಒಂದೊಂದಾಗಿ ನಿಲ್ಲಿಸತೊಡಗಿದರು. 2025ರ ಫೆಬ್ರವರಿ, ಮಾರ್ಚ್‌ನಲ್ಲಿ ಎರಡೂ ನೌಕೆಗಳಲ್ಲಿ ತಲಾ ಒಂದು ಉಪಕರಣ ನಿಂತಿತು. ಯಾವುದನ್ನು ನಿಲ್ಲಿಸಿ ಯಾವುದನ್ನು ಉಳಿಸಿಕೊಳ್ಳುವುದು ಎಂಬುದೇ ಈಗ ತಂಡದ ಮುಂದಿರುವ ಕೆಲಸ.

ನಿಮಗೆ ಕುತೂಹಲ ಇದ್ದರೆ ನಾಸಾದ ‘ಡಿಎಸ್ಎನ್ ನೌ’ ಎಂಬ ಪುಟ ತೆರೆದು ನೋಡಿ, ದುಡ್ಡು ಕೊಡಬೇಕಿಲ್ಲ. ಮೂರು ಊರುಗಳ ಡಿಶ್‌ಗಳು ಈ ಕ್ಷಣ ಯಾವ ನೌಕೆಯ ಜೊತೆ ಮಾತಾಡುತ್ತಿವೆ, ಯಾವ ವೇಗದಲ್ಲಿ ಮಾಹಿತಿ ಬರುತ್ತಿದೆ ಎಂದು ಅದರಲ್ಲಿ ತೋರಿಸುತ್ತಾರೆ. ವಾಯೇಜರ್‌ಗಳ ಹೆಸರು ಅಲ್ಲಿ ವಿಜಿಆರ್1, ವಿಜಿಆರ್2 ಎಂದಿರುತ್ತದೆ.